ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗೆರಟೆ ಇದ್ದಿಲಿನಿಂದ ಸೋಲಾರ್ ಪ್ಯಾನೆಲಿನವರೆಗೆ

ಕಾಸರಗೋಡು ಜಿಲ್ಲೆಯ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಏಳು ಪ್ರಶ್ನೆಗಳು ಎರಡೇ ಮೂಲವಸ್ತುಗಳ ಸುತ್ತ ಇವೆ: ಇಂಗಾಲ ಮತ್ತು ಸಿಲಿಕಾನ್. ಎರಡಕ್ಕೂ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳು. ಆ ನಾಲ್ಕು ಯಾರೊಂದಿಗೆ, ಯಾವ ದಿಕ್ಕಿಗೆ, ಎಷ್ಟು ಬಿಗಿಯಾಗಿ ಬೆಸೆದುಕೊಂಡಿವೆ ಎನ್ನುವುದರ ಮೇಲೆಯೇ ಕೆಳಗಿನ ಉತ್ತರಗಳೆಲ್ಲ ನಿಂತಿವೆ.

ಪ್ರಶ್ನೆ: ವಜ್ರ, ಗ್ರಾಫೈಟ್ ಎರಡೂ ಇಂಗಾಲವೇ ಎಂದು ಪಾಠ ಮಾಡಿದಾಗ ಒಬ್ಬ ಹುಡುಗಿ, 'ಹಾಗಾದರೆ ಗೆರಟೆ ಇದ್ದಿಲನ್ನು ಕಾಯಿಸಿ ಒತ್ತಿದರೆ ಮೊದಲು ಪೆನ್ಸಿಲ್ ಕಡ್ಡಿ, ಆಮೇಲೆ ವಜ್ರ ಆಗ್ತದಾ ಮಾಷೇ?' ಎಂದು ಕೇಳಿದಳು. ಏನು ಹೇಳಲಿ? ತರಗತಿಯಲ್ಲೇ ತೋರಿಸುವ ಪ್ರಯೋಗ ಇದ್ದರೆ ಅದನ್ನೂ ತಿಳಿಸಿ.
— ಹೈಸ್ಕೂಲ್ ಅಧ್ಯಾಪಕರು, ಮಂಜೇಶ್ವರ

ಉತ್ತರ: ವಜ್ರದಲ್ಲಿ ಪ್ರತಿ ಪರಮಾಣು ತನ್ನ ನಾಲ್ಕೂ ಎಲೆಕ್ಟ್ರಾನುಗಳನ್ನು ನಾಲ್ಕು ನೆರೆಯ ಪರಮಾಣುಗಳ ಜೊತೆ ಹಂಚಿಕೊಂಡಿದೆ. ಬಂಧದ ಉದ್ದ 0.154 ನ್ಯಾನೋಮೀಟರ್, ಬಂಧಗಳ ನಡುವಿನ ಕೋನ 109.5 ಡಿಗ್ರಿ. ಓಡಾಡಲು ಒಂದು ಎಲೆಕ್ಟ್ರಾನೂ ಉಳಿದಿಲ್ಲ, ಆದ್ದರಿಂದ ವಿದ್ಯುತ್ ಹರಿಯುವುದಿಲ್ಲ. ಗ್ರಾಫೈಟಿನಲ್ಲಿ ಪ್ರತಿ ಪರಮಾಣುವಿಗೆ ಮೂರೇ ನೆರೆಯವರು. ಅವು 120 ಡಿಗ್ರಿ ಕೋನದಲ್ಲಿ ಆರು ಮೂಲೆಯ ಬಲೆಯಂತೆ ಹಾಳೆಯಾಗಿ ಹರಡಿವೆ. ನಾಲ್ಕನೆಯ ಎಲೆಕ್ಟ್ರಾನ್ ಒಂದೇ ಬಂಧಕ್ಕೆ ಕಟ್ಟುಬೀಳದೆ ಇಡೀ ಹಾಳೆಯ ಉದ್ದಗಲಕ್ಕೆ ಚಲಿಸುತ್ತದೆ. ಗ್ರಾಫೈಟಿನ ಕಪ್ಪು ಬಣ್ಣಕ್ಕೂ ವಿದ್ಯುತ್ ವಾಹಕತೆಗೂ ಇದೇ ಕಾರಣ.

ಇಲ್ಲಿ ಮಕ್ಕಳ ತಲೆಯಲ್ಲಿ ಒಂದು ತಪ್ಪು ಬೇರೂರುವುದುಂಟು: ಗ್ರಾಫೈಟ್ ಮೆದು, ಆದ್ದರಿಂದ ಅದರ ಬಂಧಗಳೂ ದುರ್ಬಲ ಎಂದು. ಹಾಗಲ್ಲ. ಹಾಳೆಯೊಳಗಿನ ಬಂಧದ ಉದ್ದ 0.142 ನ್ಯಾನೋಮೀಟರ್, ಅದು ವಜ್ರದ ಬಂಧಕ್ಕಿಂತಲೂ ಗಿಡ್ಡ, ಅದಕ್ಕಿಂತಲೂ ಗಟ್ಟಿ. ಸಡಿಲ ಇರುವುದು ಹಾಳೆ ಹಾಳೆಗಳ ನಡುವೆ. ಅಲ್ಲಿ 0.335 ನ್ಯಾನೋಮೀಟರ್ ಅಂತರ, ಮತ್ತು ಬರೀ ವಾನ್ ಡರ್ ವಾಲ್ಸ್ ಎಂಬ ದುರ್ಬಲ ಸೆಳೆತ. ಪೆನ್ಸಿಲಿನಿಂದ ಗೀರುವಾಗ ಹಾಳೆಗಳು ಹರಿಯುವುದಿಲ್ಲ, ಒಂದರ ಮೇಲಿಂದ ಒಂದು ಜಾರಿ ಕಾಗದಕ್ಕೆ ಅಂಟುತ್ತವೆ. ಸಾಂದ್ರತೆಯ ವ್ಯತ್ಯಾಸವೂ ಈ ಅಂತರದಿಂದಲೇ ಬಂದದ್ದು: ವಜ್ರ ಘನ ಸೆಂಟಿಮೀಟರಿಗೆ 3.51 ಗ್ರಾಂ, ಗ್ರಾಫೈಟ್ 2.26 ಗ್ರಾಂ.

ಇನ್ನು ಗೆರಟೆ ಇದ್ದಿಲು. ಅದರಲ್ಲಿಯೂ ಇರುವುದು ಆರು ಮೂಲೆಯ ಹಾಳೆಗಳೇ, ಆದರೆ ಸಣ್ಣ ಸಣ್ಣ ತುಂಡುಗಳು. ಮುದುಡಿ ಎಸೆದ ಕಾಗದದ ರಾಶಿಯಂತೆ ಅಡ್ಡಾದಿಡ್ಡಿ ಸಿಕ್ಕಿಕೊಂಡು, ಅಂಚುಗಳಲ್ಲಿ ಗಟ್ಟಿ ಬಂಧಗಳಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಗೆರಟೆ ಸುಡುವಾಗ ಯಾವ ಹಂತದಲ್ಲೂ ಕರಗಿ ಮೆತ್ತಗಾಗುವುದಿಲ್ಲ. ಹಾಗಾಗಿ ಹಾಳೆಗಳು ಸಾಲಾಗಿ ಕೂರಲು ಅವಕಾಶವೇ ಸಿಗುವುದಿಲ್ಲ. 3000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಅದು ಒಳ್ಳೆಯ ಗ್ರಾಫೈಟ್ ಆಗದು. ಕಚ್ಚಾ ತೈಲದ ಶೇಷದಿಂದ ಸಿಗುವ ಪೆಟ್ರೋಲಿಯಂ ಕೋಕ್ ಆಗುತ್ತದೆ, ಏಕೆಂದರೆ ಅದು ದ್ರವಸ್ಥಿತಿಯನ್ನು ದಾಟಿ ಗಟ್ಟಿಯಾದದ್ದು. ಇಂಗಾಲದಲ್ಲಿ ಇಂತಹ ಎರಡು ಜಾತಿಗಳಿವೆ ಎಂಬುದನ್ನು ಎಕ್ಸ್-ಕಿರಣಗಳ ಮೂಲಕ ವಿಂಗಡಿಸಿ 1951ರಲ್ಲಿ ಪ್ರಕಟಿಸಿದವರು ರೋಸಲಿಂಡ್ ಫ್ರಾಂಕ್ಲಿನ್. ಮುಂದೆ ಡಿಎನ್‌ಎ ಸಂಶೋಧನೆಯಿಂದ ಹೆಸರಾದ ಅದೇ ವಿಜ್ಞಾನಿ. ಈ ವಿಷಯವನ್ನು ಆ ಹುಡುಗಿಗೆ ಖಂಡಿತ ಹೇಳಿ.

ವಜ್ರದ ಮಾತು ಬೇರೆ. ಕಾರ್ಖಾನೆಯಲ್ಲಿ ಗ್ರಾಫೈಟನ್ನು ಕರಗಿದ ಕಬ್ಬಿಣ, ನಿಕ್ಕಲ್, ಕೋಬಾಲ್ಟಿನಂತಹ ಲೋಹದಲ್ಲಿ ಕರಗಿಸಿ, ಸುಮಾರು 1300ರಿಂದ 1600 ಡಿಗ್ರಿಯಲ್ಲಿ, ವಾತಾವರಣದ 50ರಿಂದ 60 ಸಾವಿರ ಪಟ್ಟು ಒತ್ತಡದಲ್ಲಿ ವಜ್ರದ ಹರಳಿನ ಮೇಲೆ ಕೂರಿಸುತ್ತಾರೆ. ಬರೀ ಒತ್ತುವುದರಿಂದ ಕೆಲಸ ಆಗುವುದಿಲ್ಲ. ಹಳೆಯ ಬಂಧಗಳನ್ನು ಬಿಡಿಸಲು ಲೋಹ ಬೇಕು.

ಪ್ರಯೋಗ: 6ಬಿ ಪೆನ್ಸಿಲಿನಿಂದ ಬಿಳಿ ಕಾಗದದ ಮೇಲೆ 1 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಪಟ್ಟಿಯನ್ನು ಹೊಳಪು ಬರುವವರೆಗೆ ತುಂಬಿಸಿ. ಮಲ್ಟಿಮೀಟರನ್ನು ಕಿಲೋ ಓಮ್‌ಗೆ ಇಟ್ಟು ಎರಡು ತುದಿಗಳಲ್ಲಿ ಅಳೆಯಿರಿ, ಆಮೇಲೆ 5 ಸೆಂ.ಮೀ.ಗೆ, 2 ಸೆಂ.ಮೀ.ಗೆ. ದೂರ ಕಡಿಮೆಯಾದಂತೆ ರೋಧವೂ ಇಳಿಯುತ್ತದೆ. ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಮಣ್ಣು ಹೆಚ್ಚು, ರೋಧವೂ ಹೆಚ್ಚು. 2 ಸೆಂ.ಮೀ. ಪಟ್ಟಿಯ ಮೂಲಕ 9 ವೋಲ್ಟ್ ಬ್ಯಾಟರಿಯಿಂದ ಎಲ್‌ಇಡಿ ಮಂದವಾಗಿ ಉರಿಯುತ್ತದೆ. ಉರಿಯದಿದ್ದರೆ ಮೊದಲು ಎಲ್‌ಇಡಿಯ ಕಾಲುಗಳನ್ನು ಅದಲುಬದಲು ಮಾಡಿ ನೋಡಿ. ಕಾಲುಗಳನ್ನು ಪಟ್ಟಿಯ ಮೇಲೆ ಮಲಗಿಸಿ ಒತ್ತಿ ಹಿಡಿಯಬೇಕು. ತುದಿಯಿಂದ ಚುಚ್ಚಿದರೆ ಕಾಗದ ಹರಿದು ದಾರಿ ತುಂಡಾಗುತ್ತದೆ.

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರು ತುಂಬಿಸಿಟ್ಟರೆ ಕೆಂಪಾಗುತ್ತದೆ, ಬಟ್ಟೆಗೆ ಕಲೆ. ಗೆರಟೆ ಇದ್ದಿಲು ಬೇಕಾದಷ್ಟಿದೆ. ಡ್ರಮ್ಮಿನಲ್ಲಿ ತುಂಬಿಸಿ ಫಿಲ್ಟರ್ ಮಾಡಬಹುದೇ?
— ಕೃಷಿಕರು, ಬದಿಯಡ್ಕ

ಉತ್ತರ: ಕಬ್ಬಿಣ ತೆಗೆಯಲು ಇದ್ದಿಲು ಸರಿಯಾದ ವಸ್ತುವಲ್ಲ. ಮುದುಡಿದ ಹಾಳೆಗಳ ನಡುವೆ ಉಳಿದ ಸೂಕ್ಷ್ಮರಂಧ್ರಗಳೇ ಇದ್ದಿಲಿನ ಶಕ್ತಿ. ಮನೆಯ ಇದ್ದಿಲಿನಲ್ಲಿ ಆ ರಂಧ್ರಗಳು ಟಾರಿನಿಂದ ಕಟ್ಟಿಹೋಗಿರುತ್ತವೆ. ಕಾರ್ಖಾನೆಯಲ್ಲಿ ಸುಮಾರು 900 ಡಿಗ್ರಿಯಲ್ಲಿ ನೀರಿನ ಹಬೆ ಹಾಯಿಸಿ ಅವನ್ನು ಬಿಡಿಸುತ್ತಾರೆ. ಹಬೆ ಸ್ವಲ್ಪ ಇಂಗಾಲವನ್ನೂ ತಿಂದು ಹೊಸ ರಂಧ್ರ ಕೊರೆಯುತ್ತದೆ. ಹಾಗೆ ಸಿದ್ಧವಾದ ಸಕ್ರಿಯ ಇದ್ದಿಲಿನ ಒಂದು ಗ್ರಾಂನಲ್ಲಿ ಸುಮಾರು 1000 ಚದರ ಮೀಟರ್ ಮೇಲ್ಮೈ ಇರುತ್ತದೆ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 25 ಸೆಂಟ್ಸ್ ಜಾಗ. ವಾಸನೆ, ಬಣ್ಣ, ಕೀಟನಾಶಕದಂತಹ ಇಂಗಾಲದ ಸಂಯುಕ್ತಗಳು ಈ ಹಾಳೆಗಳಿಗೆ ಅಂಟಿ ನಿಲ್ಲುತ್ತವೆ, ಕ್ಲೋರಿನ್ನೂ ಅಲ್ಲಿ ಹೋಗುತ್ತದೆ. ಕರಗಿದ ಕಬ್ಬಿಣದ ಅಯಾನಿಗೆ (ವಿದ್ಯುದಾವೇಶವಿರುವ ಕಣಕ್ಕೆ) ಸುತ್ತಲಿನ ನೀರಿನ ಮೇಲೆಯೇ ಹೆಚ್ಚು ಸೆಳೆತ, ಅದು ಅಂಟುವುದು ತೀರ ಕಡಿಮೆ. ಅಷ್ಟೇ ಅಲ್ಲ, ರಂಧ್ರದೊಳಗೆ ತುಕ್ಕಾಗಿ ಕೂತು ಇದ್ದಿಲನ್ನೇ ಕೆಡಿಸುತ್ತದೆ.

ಕ್ರಮ ಹೀಗಿರಲಿ. ನೀರನ್ನು ಸಣ್ಣ ತೂತುಗಳ ಪೈಪಿನಿಂದ ಮೇಲಿನಿಂದ ಚಿಮುಕಿಸಿ ಟ್ಯಾಂಕಿಗೆ ಬೀಳಿಸಿ. ಗಾಳಿ ತಾಗಿದರೆ ಕಬ್ಬಿಣ ತುಕ್ಕಾಗಿ ಬೇರ್ಪಡುತ್ತದೆ. ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಆಗ ಈ ಕೆಲಸ ನಿಧಾನ. ಪಿಎಚ್ 7ಕ್ಕಿಂತ ಕೆಳಗಿದ್ದರೆ ನೀರು ಬೀಳುವಲ್ಲಿ ಸುಣ್ಣದಕಲ್ಲಿನ ಚೂರುಗಳ ತಟ್ಟೆ ಇಡಿ. ಕೆಲವು ಗಂಟೆ ತಂಗಲು ಬಿಟ್ಟು, ಅರ್ಧ ಮೀಟರಿಗೆ ಕಡಿಮೆಯಿಲ್ಲದ ಮರಳಿನ ಪದರದ ಮೂಲಕ ಇಳಿಸಿ, ಮರಳನ್ನು ಆಗಾಗ ಹಿಮ್ಮುಖವಾಗಿ ತೊಳೆಯಿರಿ. ಆ ಮೇಲೂ ವಾಸನೆ ಉಳಿದರೆ ಮಾತ್ರ ಕೊನೆಯಲ್ಲಿ ಸಕ್ರಿಯ ಇದ್ದಿಲು. ಇದ್ದಿಲು ರೋಗಾಣುಗಳನ್ನು ಕೊಲ್ಲುವುದಿಲ್ಲ, ಅದರ ಮೇಲೆ ಅವು ಬೆಳೆಯಲೂಬಹುದು. ಕುಡಿಯುವ ನೀರನ್ನು ಕುದಿಸಲೇಬೇಕು.

ಪ್ರಶ್ನೆ: ಗ್ರಾನೈಟ್ ಕತ್ತರಿಸುವ ಡೈಮಂಡ್ ಬ್ಲೇಡಿನಲ್ಲಿ ಒಮ್ಮೆ ಟಿಎಂಟಿ ಸರಳು ಕತ್ತರಿಸಿದೆವು. ಬ್ಲೇಡ್ ಅಲ್ಲಿಗೇ ಮುಗಿಯಿತು. ಕಲ್ಲಿಗಿಂತ ಕಬ್ಬಿಣ ಮೆದು ಅಲ್ಲವೇ? ಇನ್ನೊಂದು, ಹೊಸ ಬ್ಲೇಡ್ ಕೆಲವೊಮ್ಮೆ ಸವೆಯದೆಯೇ ಕತ್ತರಿಸುವುದನ್ನು ನಿಲ್ಲಿಸುತ್ತದೆ. ಯಾಕೆ?
— ಟೈಲ್ಸ್ ಕೆಲಸಗಾರರು, ಪೆರ್ಲ

ಉತ್ತರ: ವಜ್ರ ಕಬ್ಬಿಣದೆದುರು ಸೋಲುವುದು ಗಡಸುತನದಲ್ಲಿ ಅಲ್ಲ, ರಸಾಯನದಲ್ಲಿ. ಇಂಗಾಲವನ್ನು ಕರಗಿಸಿಕೊಳ್ಳುವುದು ಕಾದ ಕಬ್ಬಿಣದ ಸ್ವಭಾವ. ಉಕ್ಕು ಆಗುವುದೇ ಹಾಗೆ. ಬ್ಲೇಡ್ ತಾಗಿದ ಜಾಗ ಕೆಂಪಗೆ ಕಾಯುತ್ತಿದ್ದಂತೆ ವಜ್ರದ ಮೇಲ್ಮೈಯ ಬಂಧಗಳು ಕಬ್ಬಿಣದ ಸಂಪರ್ಕದಲ್ಲಿ ಬಿಡಿಸಿಕೊಂಡು ಗ್ರಾಫೈಟಾಗುತ್ತವೆ, ಇಂಗಾಲ ಕಬ್ಬಿಣದೊಳಗೆ ಸೇರಿಹೋಗುತ್ತದೆ. ಸುಮಾರು 700 ಡಿಗ್ರಿ ದಾಟಿದರೆ ಗಾಳಿಯ ಆಮ್ಲಜನಕವೂ ವಜ್ರವನ್ನು ಸುಡತೊಡಗುತ್ತದೆ. ಮೊದಲ ಪ್ಯಾರಾಗಳಲ್ಲಿ ವಜ್ರ ಮಾಡಲು ಕಬ್ಬಿಣ ಬೇಕೆಂದೆವಲ್ಲ, ಅದೇ ಕಬ್ಬಿಣ ಒತ್ತಡವಿಲ್ಲದಿದ್ದರೆ ವಜ್ರವನ್ನು ತಿನ್ನುತ್ತದೆ.

ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡಿನ ಕಟಿಂಗ್ ವೀಲ್ ಬಳಸಿ. ಹಸಿರು ವೀಲ್ ಸಿಲಿಕಾನ್ ಕಾರ್ಬೈಡಿನದು. ಅದರಲ್ಲಿ ಇಂಗಾಲ, ಸಿಲಿಕಾನ್ ಒಂದು ಬಿಟ್ಟು ಒಂದರಂತೆ ವಜ್ರದ ಹಾಗೆಯೇ ನಾಲ್ಕು ನಾಲ್ಕು ಬಂಧಗಳಲ್ಲಿ ಜೋಡಿಸಿಕೊಂಡಿವೆ. ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಡಸು, ಆದರೆ ಉಕ್ಕಿನ ಮೇಲೆ ವಜ್ರದಂತೆ ಇದೂ ಬೇಗ ಸವೆಯುತ್ತದೆ. ಕಾರ್ಬೈಡ್ ತುದಿಯ ಉಳಿ, ಕಲ್ಲು, ಗಾಜಿಗೆ ಹಸಿರು ವೀಲ್. ಕತ್ತಿ, ಕೊಡಲಿ, ಉಳಿಗೆ ಬೂದು ಇಲ್ಲವೇ ಕಂದು ವೀಲ್.

ಎರಡನೆಯ ಪ್ರಶ್ನೆ. ಬ್ಲೇಡಿನ ಹಲ್ಲೆಂದರೆ ಲೋಹದ ಪುಡಿಯಲ್ಲಿ ಹೂತ ವಜ್ರದ ಹರಳುಗಳು. ಮೇಲಿನ ಹರಳು ಮೊಂಡಾದಂತೆ ಸುತ್ತಲಿನ ಲೋಹ ಸವೆದು ಅದನ್ನು ಉದುರಿಸಬೇಕು, ಆಗ ಕೆಳಗಿನ ಹೊಸ ಹರಳು ಹೊರಬರುತ್ತದೆ. ಗ್ರಾನೈಟಿನ ನುಣುಪು ಪುಡಿ ಲೋಹವನ್ನು ಸಾಕಷ್ಟು ಸವೆಸದಿದ್ದರೆ ಹಲ್ಲು ಕನ್ನಡಿಯಂತೆ ಹೊಳೆಯತೊಡಗುತ್ತದೆ. ಬೆರಳಿನಿಂದ ಸವರಿದರೆ ಒರಟು ಸಿಗುವುದಿಲ್ಲ. ಆಗ ಸಿಮೆಂಟ್ ಬ್ಲಾಕಿನಲ್ಲೋ ಹಳೆಯ ಗ್ರೈಂಡಿಂಗ್ ಕಲ್ಲಿನಲ್ಲೋ ಕಡಿಮೆ ಆಳದಲ್ಲಿ ನಾಲ್ಕೈದು ಸಲ ಓಡಿಸಿ. ಲೋಹ ಸವೆದು ಹರಳು ತೆರೆಯುತ್ತದೆ. ಇದೇ ಕಾರಣಕ್ಕೆ ಗಟ್ಟಿ ಗ್ರಾನೈಟಿಗೆ ಮೆದು ಲೋಹದ ಬ್ಲೇಡ್ ಬೇಕು, ಒರಟು ಪುಡಿ ಬಿಡುವ ಮುರಕಲ್ಲಿಗೆ ಗಟ್ಟಿ ಲೋಹದ್ದು. ಉಲ್ಟಾ ಆದರೆ ಮುರಕಲ್ಲು ಹರಳುಗಳನ್ನು ಮೊಂಡಾಗುವ ಮೊದಲೇ ಉದುರಿಸಿಬಿಡುತ್ತದೆ.

ಬ್ಲೇಡಿನ ಮೇಲಿನ ಬಾಣದ ದಿಕ್ಕಿಗೇ ತಿರುಗಿಸಿ, ಒಂದು ಸಲಕ್ಕೆ 3ರಿಂದ 5 ಮಿ.ಮೀ. ಆಳ ಸಾಕು. ನೀರು ಬಿಡುತ್ತ ಕತ್ತರಿಸುವುದು ಬ್ಲೇಡಿಗಷ್ಟೇ ಅಲ್ಲ, ನಿಮ್ಮ ಶ್ವಾಸಕೋಶಕ್ಕೂ ಬೇಕು. ಗ್ರಾನೈಟಿನ ಒಣ ಧೂಳಿನಲ್ಲಿ ಕ್ವಾರ್ಟ್ಸ್, ಅಂದರೆ ಹರಳುಗಟ್ಟಿದ ಸಿಲಿಕಾ ಇದೆ, ಒಳಹೋದದ್ದು ಕರಗುವುದಿಲ್ಲ, ಅದು ತರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ಗೆ ಮದ್ದೂ ಇಲ್ಲ. ನೀರಿನ ವ್ಯವಸ್ಥೆ ಇರುವ ಯಂತ್ರವನ್ನೇ ಬಳಸಿ, ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಅರ್ತ್ ಲೀಕೇಜ್ ಬ್ರೇಕರ್ ಇರಲೇಬೇಕು. ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಎನ್95 ಮಾಸ್ಕ್ ಹಾಕಿ.

ಪ್ರಶ್ನೆ: ಅಂಗಡಿಯ ವಜ್ರಪರೀಕ್ಷೆಯ ಪೆನ್ನು ಮೊಯ್ಸನೈಟ್ ಕಲ್ಲನ್ನೂ ವಜ್ರವೆಂದು ತೋರಿಸಿತು. ಪೆನ್ನು ಕೆಟ್ಟಿದೆಯೇ?
— ಚಿನ್ನದಂಗಡಿಯವರು, ಕಾಞಂಗಾಡು

ಉತ್ತರ: ಕೆಟ್ಟಿಲ್ಲ. ಆ ಪೆನ್ನು ಅಳೆಯುವುದು ಶಾಖ ಎಷ್ಟು ಬೇಗ ಹರಿದುಹೋಗುತ್ತದೆ ಎಂಬುದನ್ನು. ಹಗುರ ಪರಮಾಣು, ಬಿಗಿ ಬಂಧ ಇದ್ದಲ್ಲಿ ಕಂಪನಗಳು ವೇಗವಾಗಿ ಸಾಗುತ್ತವೆ. ವಜ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 2000 ವ್ಯಾಟ್, ತಾಮ್ರದ್ದು 400. ಮೊಯ್ಸನೈಟ್ ಎಂದರೆ ಮೇಲೆ ಹೇಳಿದ ಸಿಲಿಕಾನ್ ಕಾರ್ಬೈಡೇ. ಅದರದ್ದೂ ತಾಮ್ರದ ಆಸುಪಾಸಿನಲ್ಲಿದೆ. ವಜ್ರದಂತೆ ಕಾಣುವ ಕೃತಕ ಕಲ್ಲು ಕ್ಯೂಬಿಕ್ ಜಿರ್ಕೋನಿಯಾದ್ದು ಒಂದಂಕಿಯಲ್ಲಿ. ಪೆನ್ನು ಜಿರ್ಕೋನಿಯಾವನ್ನು ಹಿಡಿಯುತ್ತದೆ, ಮೊಯ್ಸನೈಟಿನೆದುರು ಮೋಸಹೋಗುತ್ತದೆ.

ಕೈಯಲ್ಲಿರುವ 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಸಾಕು. ಕಲ್ಲನ್ನು ನೇರ ಮೇಲಿನಿಂದ ನೋಡಬೇಡಿ, ಓರೆಯಾಗಿ ಹಿಡಿದು ಮೇಲಿನ ಪಕ್ಕದ ಮುಖದ ಮೂಲಕ ಕೆಳಗಿನ ಅಂಚುಗಳನ್ನು ನೋಡಿ. ಮೊಯ್ಸನೈಟಿನಲ್ಲಿ ಒಂದು ಗೆರೆ ಎರಡಾಗಿ ಕಾಣುತ್ತದೆ, ಏಕೆಂದರೆ ಅದರ ಹರಳಿನ ಜೋಡಣೆಯಲ್ಲಿ ಒಂದು ಅಕ್ಷ ಉಳಿದವಕ್ಕಿಂತ ಬೇರೆ, ಬೆಳಕು ಇಬ್ಭಾಗವಾಗುತ್ತದೆ. ನೇರ ಮೇಲಿನಿಂದ ಇದು ಕಾಣದಂತೆಯೇ ಸಾಮಾನ್ಯವಾಗಿ ಕಲ್ಲನ್ನು ಕತ್ತರಿಸಿರುತ್ತಾರೆ. ಬಿಡಿ ಕಲ್ಲಾದರೆ ಸಾಂದ್ರತೆ ನೋಡಿ: ವಜ್ರ 3.51, ಮೊಯ್ಸನೈಟ್ ಸುಮಾರು 3.2. ವಿದ್ಯುತ್ತನ್ನೂ ಅಳೆಯುವ ಪೆನ್ನುಗಳಿವೆ. ನೈಟ್ರೋಜನ್ ಬೆರೆತ ಮೊಯ್ಸನೈಟ್ ಸ್ವಲ್ಪ ವಿದ್ಯುತ್ ಹರಿಸುತ್ತದೆ. ಆದರೆ ಶುದ್ಧ ಮೊಯ್ಸನೈಟ್ ಹರಿಸದೆ ಪಾಸಾಗಬಹುದು, ಬೋರಾನ್ ಇರುವ ನೀಲಿ ವಜ್ರ ಹರಿಸಿ ಫೇಲಾಗಬಹುದು. ಹಾಗಾಗಿ ಲೂಪ್ ಬಿಡಬೇಡಿ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನು ಇವು ಯಾವುವೂ ಬೇರ್ಪಡಿಸವು, ಏಕೆಂದರೆ ಅದೂ ವಜ್ರವೇ. ಅದಕ್ಕೆ ಪ್ರಮಾಣಪತ್ರ ಕೊಡುವ ಪ್ರಯೋಗಾಲಯಕ್ಕೇ ಕಳಿಸಬೇಕು.

ಸುತ್ತಿಗೆ ಪರೀಕ್ಷೆ ಯಾರೂ ಮಾಡಕೂಡದು. ಗೀರಿಗೆ ಮಣಿಯದ ವಜ್ರ ಪೆಟ್ಟಿಗೆ ಸೀಳುತ್ತದೆ. ಹರಳಿನಲ್ಲಿ ನಾಲ್ಕು ದಿಕ್ಕಿನ ಸಮತಲಗಳಲ್ಲಿ ಮುರಿಯಬೇಕಾದ ಬಂಧಗಳು ಕಡಿಮೆ.

ಪ್ರಶ್ನೆ: ವಜ್ರಕ್ಕೂ ಸಿಲಿಕಾನಿಗೂ ಒಂದೇ ರಚನೆ ಎನ್ನುತ್ತಾರೆ. ಹಾಗಿದ್ದರೆ ಸೋಲಾರ್ ಪ್ಯಾನೆಲಿಗೆ ಸಿಲಿಕಾನೇ ಯಾಕೆ? ನಮ್ಮ ಕಡಲತೀರದ ಮರಳಿನಿಂದ ಅದನ್ನು ತೆಗೆಯಬಹುದೇ? ಏಪ್ರಿಲ್ ಬಿಸಿಲಿಗೆ ನಮ್ಮ ಪ್ಯಾನೆಲಿನ ಉತ್ಪಾದನೆ ಲೆಕ್ಕಕ್ಕಿಂತ ಕಡಿಮೆ ಬರುವುದೇಕೆ?
— ಪದವಿ ವಿದ್ಯಾರ್ಥಿನಿ, ಕುಂಬಳೆ

ಉತ್ತರ: ರಚನೆ ಒಂದೇ, ಅಳತೆ ಬೇರೆ. ಸಿಲಿಕಾನ್ ಪರಮಾಣು ದೊಡ್ಡದು, ಬಂಧ 0.235 ನ್ಯಾನೋಮೀಟರ್ ಉದ್ದ, ಆದ್ದರಿಂದ ಸಡಿಲ. ಬಂಧದಿಂದ ಎಲೆಕ್ಟ್ರಾನನ್ನು ಬಿಡಿಸಲು ವಜ್ರದಲ್ಲಿ ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಬೇಕು. ಅಷ್ಟು ಶಕ್ತಿಯ ನೇರಳಾತೀತ ಕಿರಣ ವಾತಾವರಣ ದಾಟಿ ಕೆಳಗೆ ಬರುವುದಿಲ್ಲ. ಸಿಲಿಕಾನಿಗೆ 1.12 ಸಾಕು. ಕಣ್ಣಿಗೆ ಕಾಣುವ ಬೆಳಕೆಲ್ಲ ಅದನ್ನು ಮೀರಿದ್ದೇ. ಗ್ರಾಫೈಟಿನಲ್ಲಿ ಹೀಗೆ ದಾಟಬೇಕಾದ ಶಕ್ತಿಯ ಅಂತರವೇ ಇಲ್ಲ, ಬೆಳಕು ಬಿದ್ದರೆ ಬರೀ ಬಿಸಿಯಾಗುತ್ತದೆ.

ಮರಳಿನಲ್ಲಿ ಸಿಲಿಕಾನ್ ಇದೆ, ಆದರೆ ಆಮ್ಲಜನಕದ ಹಿಡಿತದಲ್ಲಿದೆ. ಸಿಲಿಕಾನ್-ಸಿಲಿಕಾನ್ ಬಂಧದ ಶಕ್ತಿ ಮೋಲಿಗೆ ಸುಮಾರು 225 ಕಿಲೋಜೂಲ್. ಸಿಲಿಕಾನ್-ಆಮ್ಲಜನಕದ್ದು ಅದರ ಎರಡು ಪಟ್ಟು. ಅದನ್ನು ಬಿಡಿಸಲು ವಿದ್ಯುತ್ ಚಾಪದ ಕುಲುಮೆಯಲ್ಲಿ 2000 ಡಿಗ್ರಿಯ ಆಸುಪಾಸಿನಲ್ಲಿ ಇಂಗಾಲದ ಜೊತೆ ಕಾಯಿಸುತ್ತಾರೆ. ಒಂದು ಕಿಲೋ ಸಿಲಿಕಾನಿಗೆ 11ರಿಂದ 13 ಯುನಿಟ್ ಕರೆಂಟು ಈ ಒಂದು ಹಂತಕ್ಕೇ ಹೋಗುತ್ತದೆ, ಶುದ್ಧೀಕರಣ ಇನ್ನೂ ಬಾಕಿ. ಕುಲುಮೆಗೆ ಬೇಕಾದದ್ದು ಶುದ್ಧ ಕ್ವಾರ್ಟ್ಸ್ ಕಲ್ಲಿನ ಗಟ್ಟಿಗಳು. ನುಣ್ಣನೆ ಮರಳು ಹಾಕಿದರೆ ಅನಿಲ ಹೊರಹೋಗಲು ದಾರಿ ಇರುವುದಿಲ್ಲ. ಕಡಲ ಮರಳಿನಲ್ಲಿ ಚಿಪ್ಪು, ಉಪ್ಪು, ಬೇರೆ ಖನಿಜಗಳೂ ಬೆರೆತಿವೆ.

ಪ್ಯಾನೆಲಿನ ವ್ಯಾಟ್ ಲೆಕ್ಕ ಬರೆದಿರುವುದು ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗಿನದು. ತಾರಸಿಯ ಮೇಲೆ ಸೆಲ್ 60 ಡಿಗ್ರಿಗೆ ಏರುವುದು ಸಾಮಾನ್ಯ. ಬಿಸಿಯಾದಂತೆ ವೋಲ್ಟೇಜ್ ಇಳಿದು, ಪ್ರತಿ ಡಿಗ್ರಿಗೆ 0.3ರಿಂದ 0.4 ಶೇಕಡ ಉತ್ಪಾದನೆ ಕಡಿಮೆಯಾಗುತ್ತದೆ. 35 ಡಿಗ್ರಿ ಏರಿಕೆಗೆ 10ರಿಂದ 14 ಶೇಕಡ. ಪ್ಯಾನೆಲನ್ನು ತಗಡಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ 10ರಿಂದ 15 ಸೆಂ.ಮೀ. ಗಾಳಿಯಾಡಲು ಬಿಡಿ. ತಂಪಾಗಲೆಂದು ಮಧ್ಯಾಹ್ನ ತಣ್ಣೀರು ಎರಚಬೇಡಿ, ಗಾಜು ಬಿರುಕು ಬಿಡಬಹುದು. ತೊಳೆಯುವುದಿದ್ದರೆ ಬೆಳಗ್ಗೆ.

ಪ್ರಶ್ನೆ: ಮಿಕ್ಸಿಯ ಒಳಗೆ ನೀರು ಇಳಿಯದಂತೆ ಸಿಲಿಕೋನ್ ಸೀಲಂಟ್ ಹಚ್ಚಿದ ಮೇಲೆ ಕಾರ್ಬನ್ ಬ್ರಶ್ ಬೇಗ ಬೇಗ ಸವೆಯುತ್ತಿದೆ. ಸಂಬಂಧ ಉಂಟೇ?
— ಗೃಹಿಣಿ, ಮುಳ್ಳೇರಿಯ

ಉತ್ತರ: ಇರಬಹುದು. ಕಾರ್ಬನ್ ಬ್ರಶ್ ಎಂದರೆ ಮೋಟರಿನ ತಿರುಗುವ ತಾಮ್ರದ ಉರುಳೆಗೆ ಒತ್ತಿಕೊಂಡು ಕರೆಂಟು ಕೊಡುವ ಗ್ರಾಫೈಟಿನ ತುಂಡು. ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್-ಆಮ್ಲಜನಕದ ಸರಪಳಿ. ಅದರಿಂದ ಹೊರಡುವ ಆವಿ ಬ್ರಶ್ಶಿನ ಕಿಡಿಯಲ್ಲಿ ಸುಟ್ಟರೆ ಉಳಿಯುವುದು ಸಿಲಿಕಾ, ಅಂದರೆ ಮರಳಿನದೇ ವಸ್ತು. ಗ್ರಾಫೈಟಿನ ಜಾರುವ ಪದರದ ನಡುವೆ ಅದು ಸೇರಿದರೆ ಉಜ್ಜುಪುಡಿಯಾಗುತ್ತದೆ. ಮೋಟರಿನ ಹತ್ತಿರ ಹಚ್ಚಿದ ಸೀಲಂಟನ್ನು ಕೆರೆದು ತೆಗೆಯಿರಿ. ಎರಡೂ ಬ್ರಶ್ಶುಗಳನ್ನು ಒಟ್ಟಿಗೇ ಬದಲಿಸಿ, ಸ್ಪ್ರಿಂಗು ಸರಾಗ ಒತ್ತುತ್ತಿದೆಯೇ ನೋಡಿ. ತಾಮ್ರದ ಉರುಳೆ ಕಪ್ಪಾಗಿದ್ದರೆ ನುಣುಪಾದ ಗಾಜುಕಾಗದದಿಂದ ಉಜ್ಜಿ. ಎಮರಿ ಕಾಗದ ಬೇಡ, ಅದರ ಗಡಸು ಹರಳು ಬ್ರಶ್ಶಿನಲ್ಲಿ ನಾಟಿ ತಾಮ್ರವನ್ನು ಗೀರುತ್ತದೆ. ಇದನ್ನೆಲ್ಲ ಪ್ಲಗ್ ಕಿತ್ತ ಮೇಲೆಯೇ ಮಾಡಿ. ಮತ್ತೆ ಜೋಡಿಸಿ ಜಾರ್ ಇಲ್ಲದೆ ಬಿಟ್ಟು ಬಿಟ್ಟು ಕೆಲವು ನಿಮಿಷ ಓಡಿಸಿದರೆ ಬ್ರಶ್ಶಿನ ತುದಿ ಸರಿಯಾಗಿ ಕೂರುತ್ತದೆ.

ಪ್ರಶ್ನೆ: ಉಮಿಕರಿಯಲ್ಲಿ ಹಲ್ಲುಜ್ಜುವುದು ಒಳ್ಳೆಯದೇ?
— ಓದುಗರು, ನೀರ್ಚಾಲು

ಉತ್ತರ: ಉಮಿಕರಿ, ಅಂದರೆ ಸುಟ್ಟ ಭತ್ತದ ಹೊಟ್ಟು, ಕಪ್ಪಗಿರುವುದು ಇಂಗಾಲದಿಂದ, ಹಲ್ಲು ಬೆಳ್ಳಗಾಗುವುದು ಸಿಲಿಕಾದಿಂದ. ಭತ್ತದ ಗಿಡ ಮಣ್ಣಿನಿಂದ ಹೀರಿದ ಸಿಲಿಕಾ ಉಮಿಯಲ್ಲಿ ಶೇಖರವಾಗುತ್ತದೆ. ಉಮಿ ಪೂರ್ತಿ ಸುಟ್ಟರೆ ತೂಕದ ಸುಮಾರು 20 ಶೇಕಡ ಬೂದಿ ಉಳಿಯುತ್ತದೆ, ಅದರ ಹೆಚ್ಚಿನ ಪಾಲು ಸಿಲಿಕಾ. ಇದ್ದಿಲು ಹಲ್ಲಿಗೆ ಮೆದು, ಸಿಲಿಕಾ ಎನಾಮಲಿಗಿಂತ ಗಡಸು. ಕಲೆಯ ಜೊತೆ ಎನಾಮಲನ್ನೂ ಉಜ್ಜಿ ತೆಗೆಯುತ್ತದೆ. ಒಸಡಿನ ಬುಡದಲ್ಲಿ ಎನಾಮಲ್ ತೆಳು, ಅಲ್ಲಿ ಮೊದಲು ಜುಮ್ಮೆನ್ನತೊಡಗುತ್ತದೆ. ನಿತ್ಯದ ಬಳಕೆಗೆ ನಮ್ಮ ಸಲಹೆ ಇಲ್ಲ. ಅಪರೂಪಕ್ಕೆ ಬಳಸುವುದಿದ್ದರೆ ತೆಳು ಬಟ್ಟೆಯಲ್ಲಿ ಜಾಲಿಸಿದ ನಯವಾದ ಪುಡಿ, ಬೆರಳಿನಿಂದ ಹಗುರವಾಗಿ. ಬ್ರಶ್ ಹಾಕಿ ತಿಕ್ಕಬೇಡಿ. ಗೂಡಿನಲ್ಲಿ ಬಹಳ ಕಾವಿಗೆ ಸುಟ್ಟು ಬೆಳ್ಳಗಾದ ಬೂದಿಯನ್ನು ಇದಕ್ಕೆ ಬಳಸಲೇಬಾರದು. ಹೆಚ್ಚು ಕಾವಿನಲ್ಲಿ ಸಿಲಿಕಾ ಹರಳುಗಟ್ಟುತ್ತದೆ, ಅದರ ಧೂಳು ಗ್ರಾನೈಟಿನ ಧೂಳಿನಷ್ಟೇ ಕೆಡುಕು.